ಅಲೊಂಜೊ ಚರ್ಚ್: ಶಿಷ್ಯರ ಪರೀಕ್ಷೆಗೆ ನಿಂತ ಗುರು

ಬೋಧನಾಭ್ಯಾಸದಲ್ಲಿ ಗಣಿತಜ್ಞರೊಬ್ಬರ ಜೀವನ ಪರಿಚಯ ಮಾಡಿಕೊಡಬೇಕೆಂದಾಗ ನಮ್ಮಲ್ಲಿ ಬಹುಮಂದಿ ರಾಮಾನುಜನ್ ಅಥವಾ ಭಾಸ್ಕರಾಚಾರ್ಯರ ಕಡೆಗೆ ಹೋಗುತ್ತೇವೆ. ನಾನು ಆರಿಸಿಕೊಂಡದ್ದು ಅಲೊಂಜೊ ಚರ್ಚ್ ಅವರನ್ನು. ಪೈಥಾನ್ ಕಲಿತವರು ಲ್ಯಾಂಬ್ಡಾ ಎಂಬ ಪದವನ್ನು ಟೈಪಿಸಿರುತ್ತಾರೆ. ಅದರ ಮೂಲ ಇವರ ಲ್ಯಾಂಬ್ಡಾ ಕ್ಯಾಲ್ಕುಲಸ್. ಆದರೆ ನನ್ನ ಆಸಕ್ತಿ ಅವರ ತರಗತಿಯ ಬಗ್ಗೆ.

ಚರ್ಚ್ 1903ರಲ್ಲಿ ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಹುಟ್ಟಿದರು. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿ 1927ರಲ್ಲಿ ಡಾಕ್ಟರೇಟ್ ಪಡೆದು, 1929ರಲ್ಲಿ ಅಲ್ಲಿಯೇ ಅಧ್ಯಾಪಕರಾದರು. ಪಾಠಕ್ಕೆ ಮೊದಲು ಕಪ್ಪುಹಲಗೆಯನ್ನು ಕಲೆಯಿಲ್ಲದಂತೆ ಒರೆಸುವುದು, ಕೆಲವೊಮ್ಮೆ ಸೋಪು ನೀರು ಹಾಕಿ ಉಜ್ಜುವುದು, ಅದು ಒಣಗುವ ತನಕ ಮೌನವಾಗಿ ನಿಲ್ಲುವುದು ಅವರ ಪದ್ಧತಿಯಾಗಿತ್ತೆಂದು ವಿದ್ಯಾರ್ಥಿಯೊಬ್ಬರು ಬರೆದಿದ್ದಾರೆ. ಹುಡುಗರು ಮೊದಲೇ ಒರೆಸಿಟ್ಟರೂ ಬಿಡುತ್ತಿರಲಿಲ್ಲವಂತೆ. ನಮ್ಮ ಪಾಠ ವೀಕ್ಷಣೆಯಲ್ಲಾದರೆ ಸಮಯಪಾಲನೆಯ ಅಂಕ ಹೋಗುತ್ತಿತ್ತು!

ಗಣಿತಕ್ಕೆ ಬುನಾದಿಯಾಗಬಲ್ಲ ತರ್ಕವ್ಯವಸ್ಥೆಯೊಂದನ್ನು ಅವರು 1932ರಲ್ಲಿ ಪ್ರಕಟಿಸಿದರು. ಅದರಲ್ಲಿ ದೋಷ ಕಂಡು 1933ರಲ್ಲಿ ತಿದ್ದಿದರು. ಇನ್ನೂ ಗಟ್ಟಿಯಾಗದ ಆ ಕೆಲಸವನ್ನೇ ಸ್ಟೀಫನ್ ಕ್ಲೀನಿ, ಬಾರ್ಕ್ಲಿ ರಾಸರ್ ಎಂಬ ಸಂಶೋಧನಾ ವಿದ್ಯಾರ್ಥಿಗಳ ಕೈಗೆ ಕೊಟ್ಟರು.

ಆ ವ್ಯವಸ್ಥೆಯಲ್ಲಿ ಸಂಖ್ಯೆಯೂ ಒಂದು ಫಂಕ್ಷನ್. ಮೂರು ಎಂದರೆ ಒಂದು ಕ್ರಿಯೆಯನ್ನು ಮೂರು ಸಲ ಮಾಡು ಎಂದರ್ಥ. ಹೀಗಾಗಿ ಕೂಡುವುದು ಸುಲಭ: ಇನ್ನೂ ಕೆಲವು ಸಲ ಮಾಡಿದರಾಯಿತು. ಕಳೆಯುವುದು ಹೇಗೆ? ಮಾಡಿದ್ದನ್ನು ಹಿಂದೆಗೆಯುವ ದಾರಿಯೇ ಅಲ್ಲಿಲ್ಲ. ಇದು ಆಗದ ಕೆಲಸವೆಂದೇ ಚರ್ಚ್ ಅವರಿಗೆ ಅನ್ನಿಸತೊಡಗಿತ್ತು. ಉಪಾಯ ಹೊಳೆದದ್ದು ಕ್ಲೀನಿಗೆ, ಅದೂ ದಂತವೈದ್ಯರಲ್ಲಿ ಹಲ್ಲು ಕೀಳಿಸಿಕೊಳ್ಳಲು ಹೋದಾಗ.

ಹಟ್ಟಿಯಂಗಡಿಯಲ್ಲಿ ಒಂಬತ್ತನೆಯ ತರಗತಿಗೆ ಇದನ್ನು ಹೇಳುವಾಗ ನಾನು ಇಬ್ಬರು ಮಕ್ಕಳನ್ನು ಮೆಟ್ಟಿಲ ಬುಡದಲ್ಲಿ ನಿಲ್ಲಿಸಿದೆ. ಪ್ರತಿ ಚಪ್ಪಾಳೆಗೆ ಮುಂದಿನವಳು ಒಂದು ಮೆಟ್ಟಿಲು ಹತ್ತಬೇಕು. ಹಿಂದಿನವನು ಅವಳು ಬಿಟ್ಟ ಜಾಗಕ್ಕೆ ಬರಬೇಕು. ಮೊದಲ ಚಪ್ಪಾಳೆಗೆ ಅವಳು ಒಂದರಲ್ಲಿ, ಅವನು ಬುಡದಲ್ಲೇ. ಐದು ಚಪ್ಪಾಳೆಯಾದಾಗ ಅವಳು ಐದರಲ್ಲಿ, ಅವನು ನಾಲ್ಕರಲ್ಲಿ. ಯಾರೂ ಕೆಳಗಿಳಿಯಲಿಲ್ಲ, ಆದರೂ ಐದರಿಂದ ಒಂದು ಕಳೆದಿತ್ತು. ಕ್ಲೀನಿ ಮಾಡಿದ್ದೂ ಇದನ್ನೇ, ಸಂಖ್ಯೆಗಳ ಜೋಡಿ ಕಟ್ಟಿ.

ಮಕ್ಕಳಿಗೆ ಇಲ್ಲಿಗೆ ನಿಲ್ಲಿಸಿದೆ. ಸಹಪಾಠಿಗಳಿಗೆ ಮುಂದಿನದನ್ನೂ ಹೇಳಬೇಕು. 1935ರಲ್ಲಿ ಕ್ಲೀನಿ, ರಾಸರ್ ಇಬ್ಬರೂ ಸೇರಿ, ಗುರುಗಳ ತಿದ್ದಿದ ವ್ಯವಸ್ಥೆಯೂ ತನ್ನನ್ನೇ ಅಲ್ಲಗಳೆಯುತ್ತದೆ ಎಂದು ಸಾಧಿಸಿ ಪ್ರಕಟಿಸಿದರು. ವರ್ಷಗಳ ಕೆಲಸ ಕುಸಿಯಿತು, ಕುಸಿಯುವಂತೆ ಮಾಡಿದವರು ಸ್ವಂತ ಶಿಷ್ಯರು. ಚರ್ಚ್ ತರ್ಕದ ಭಾಗವನ್ನು ಕೈಬಿಟ್ಟು, ಫಂಕ್ಷನ್‌ಗಳ ಲೆಕ್ಕಾಚಾರದ ಭಾಗವನ್ನಷ್ಟೇ ಉಳಿಸಿಕೊಂಡರು. ಅದರಿಂದಲೇ 1936ರಲ್ಲಿ, ಯಾವ ಯಾಂತ್ರಿಕ ವಿಧಾನದಿಂದಲೂ ಬಿಡಿಸಲಾಗದ ಸಮಸ್ಯೆಗಳಿವೆ ಎಂದು ತೋರಿಸಿದರು. ಶಿಷ್ಯರು ಕಟ್ಟಿಕೊಟ್ಟ ಕಳೆಯುವಿಕೆಯಂಥ ಸಾಧನಗಳಿಲ್ಲದೆ ಇದು ಸಾಧ್ಯವಾಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಅದೇ ವರ್ಷ ಇಂಗ್ಲೆಂಡಿನ ಅಲನ್ ಟ್ಯೂರಿಂಗ್ ಬೇರೆ ದಾರಿಯಿಂದ ಅದೇ ತೀರ್ಮಾನಕ್ಕೆ ಬಂದಿದ್ದರು. ಅವರು ಪ್ರಿನ್ಸ್‌ಟನ್‌ಗೆ ಬಂದು, 1938ರಲ್ಲಿ ಚರ್ಚ್ ಅವರ ಮಾರ್ಗದರ್ಶನದಲ್ಲೇ ಡಾಕ್ಟರೇಟ್ ಮುಗಿಸಿದರು. ಮುಂದೆ ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಗೆ ಲ್ಯಾಂಬ್ಡಾ ಬರವಣಿಗೆಯನ್ನು ತೆಗೆದುಕೊಂಡರು. ಚರ್ಚ್ 1967ರಲ್ಲಿ ಲಾಸ್ ಏಂಜಲಿಸ್‌ಗೆ ಹೋಗಿ, 1990ರವರೆಗೆ ಪಾಠ ಮಾಡಿ, 1995ರಲ್ಲಿ ತೀರಿಕೊಂಡರು.