ಒಂದು ಪತ್ರ ಕೇಳಿದ ಅಡುಗೆಯವ

ಕಳೆದ ರಜೆಯಲ್ಲಿ ಅಕ್ಕ ತನ್ನಿಬ್ಬರು ಮಕ್ಕಳೊಂದಿಗೆ ಅಮೆರಿಕದಿಂದ ಹಾಸನದ ನಮ್ಮ ಮನೆಗೆ ಬಂದಿದ್ದಳು. ದೊಡ್ಡವಳಿಗೆ ಏಳು ವರ್ಷ, ಚಿಕ್ಕವನಿಗೆ ನಾಲ್ಕು. ಅಮ್ಮ ಒಂದು ವಾರ ಮೊದಲೇ ಚಕ್ಕುಲಿ, ಕೋಡುಬಳೆ ಕರಿದು ಡಬ್ಬ ತುಂಬಿಸಿಟ್ಟಿದ್ದಳು. ಮಕ್ಕಳು ಒಂದನ್ನೂ ಮುಟ್ಟಲಿಲ್ಲ. ಅಕ್ಕಿರೊಟ್ಟಿ ಖಾರ, ಉಪ್ಪಿಟ್ಟಿನಲ್ಲಿ ಸಾಸಿವೆ ಕಾಣುತ್ತದೆ, ಸಾರಿನ ಬಣ್ಣ ಸರಿಯಿಲ್ಲ. ಮೂರನೇ ದಿನ ಅಮ್ಮ ತಟ್ಟೆ ಹಿಡಿದು ಹಿಂದೆ ಹಿಂದೆ ಓಡಾಡಿ ಸೋತು ಕೂತಳು. ಮಕ್ಕಳಿಗೆ ಬೇಕಿದ್ದದ್ದು ಮ್ಯಾಕರೋನಿ ಅಂಡ್ ಚೀಸ್, ಅದೊಂದೇ.

ರಜೆಯಲ್ಲಿ ಕೆಲಸವಿಲ್ಲದೆ ಕೂತಿದ್ದವನು ನಾನೊಬ್ಬನೇ. ಹಾಗಾಗಿ ಆ ಹೊಣೆ ನನ್ನ ತಲೆಗೆ ಬಿತ್ತು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುವವನು, ಹೀಟ್ ಟ್ರಾನ್ಸ್‌ಫರ್ ಪೇಪರ್ ಪಾಸ್ ಮಾಡಿದವನು, ಇದೇನು ಮಹಾ ಅಂದುಕೊಂಡೆ. ಹಾಲು ಕುದಿಸಿ, ಅದಕ್ಕೆ ಚೆಡ್ಡಾರ್ ಚೀಸ್ ಸುರಿದು ದೊಡ್ಡ ಉರಿಯಲ್ಲಿ ತಿರುವಿದೆ. ಎರಡೇ ನಿಮಿಷದಲ್ಲಿ ಚೀಸ್ ಒಡೆದು ಮರಳು ಮರಳಾಗಿ ತಳ ಸೇರಿತು, ಎಣ್ಣೆ ಮೇಲೆ ತೇಲಿತು. ಚಿಕ್ಕವನು ಒಮ್ಮೆ ಬಗ್ಗಿ ನೋಡಿ ಎದ್ದು ಹೋದ.

ಆಮೇಲೆ ಓದಿ ತಿಳಿದುಕೊಂಡೆ. ಚೀಸ್‌ನಲ್ಲಿ ಕೊಬ್ಬನ್ನೂ ನೀರನ್ನೂ ಹಿಡಿದಿಡುವುದು ಪ್ರೋಟೀನಿನ ಬಲೆ. ಶಾಖ ಹೆಚ್ಚಾದರೆ ಆ ಬಲೆ ಬಿಗಿದುಕೊಂಡು ಕೊಬ್ಬನ್ನು ಹೊರಗೆ ಹಿಂಡುತ್ತದೆ. ಮರುದಿನ ಎರಡು ಚಮಚ ಬೆಣ್ಣೆಯಲ್ಲಿ ಎರಡು ಚಮಚ ಮೈದಾ ಹಸಿವಾಸನೆ ಹೋಗುವಷ್ಟು ಹುರಿದು, ಎರಡು ಲೋಟ ಹಾಲನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ ಸಣ್ಣ ಉರಿಯಲ್ಲಿ ಗಟ್ಟಿ ಮಾಡಿದೆ. ಒಲೆ ಆರಿಸಿದ ಮೇಲೆ ತುರಿದ ಚೀಸ್ ಹಾಕಿದೆ. ತುರಿಯುವ ಕೆಲಸವನ್ನು ದೊಡ್ಡವಳಿಗೇ ಕೊಟ್ಟು, ಎಷ್ಟು ಹಾಕಲಿ ಅಂತ ಅವಳನ್ನೇ ಕೇಳಿದೆ. ಬೆಂದ ಮ್ಯಾಕರೋನಿ ಸೇರಿಸಿ ಕೊಟ್ಟರೆ ಇಬ್ಬರೂ ಬಟ್ಟಲು ನೆಕ್ಕಿದರು. ತಿನ್ನುತ್ತಾ ಅವಳು ಇದನ್ನು ಮೊದಲು ಮಾಡಿದ್ದು ಯಾರು ಅಂತ ಕೇಳಿದಳು. ಆ ರಾತ್ರಿ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕವನು ಜೇಮ್ಸ್ ಹೆಮಿಂಗ್ಸ್.

ಈ ತಿನಿಸನ್ನು ಮೊದಲು ಮಾಡಿದ್ದು ಆತನಲ್ಲ. ಬೆಣ್ಣೆ, ಚೀಸ್ ಹಾಕಿದ ಮ್ಯಾಕರೋನಿಯಂಥ ಅಡುಗೆ 14ನೇ ಶತಮಾನದ ಇಂಗ್ಲೆಂಡಿನ ಅಡುಗೆ ಪುಸ್ತಕದಲ್ಲೇ ಇದೆ. ಆದರೆ ಅಮೆರಿಕದಲ್ಲಿ ಇದರ ಕಥೆ ಹೇಳುವವರೆಲ್ಲ ಜೇಮ್ಸ್ ಹೆಸರು ಹೇಳುತ್ತಾರೆ. ಪ್ಯಾರಿಸ್‌ನಲ್ಲಿ ಫ್ರೆಂಚ್ ಅಡುಗೆ ಕಲಿತು ಅದನ್ನು ವರ್ಜೀನಿಯಾದ ಅಡುಗೆಮನೆಗೆ ತಂದವನು ಆತ. ಗುಲಾಮನಾಗಿ ಹುಟ್ಟಿದವನು.

ಜೇಮ್ಸ್ ಹುಟ್ಟಿದ್ದು 1765ರಲ್ಲಿ. ತಾಯಿ ಎಲಿಜಬೆತ್ ಹೆಮಿಂಗ್ಸ್ ಗುಲಾಮಳು. ತಂದೆ ಜಾನ್ ವೇಲ್ಸ್, ಅವಳ ಒಡೆಯ. ತಾಯಿ ಗುಲಾಮಳಾದರೆ ಮಗುವೂ ಗುಲಾಮ ಎನ್ನುವುದು ಆಗಿನ ವರ್ಜೀನಿಯಾದ ಕಾನೂನು. ವೇಲ್ಸ್‌ನ ಇನ್ನೊಬ್ಬ ಮಗಳು ಮಾರ್ಥಾ ಮದುವೆಯಾಗಿದ್ದು ಥಾಮಸ್ ಜೆಫರ್ಸನ್‌ನನ್ನು. 1773ರಲ್ಲಿ ವೇಲ್ಸ್ ಸತ್ತಾಗ ಆಸ್ತಿಯ ಜೊತೆ 135 ಗುಲಾಮರೂ ಅಳಿಯನ ಪಾಲಿಗೆ ಬಂದರು. ಅವರಲ್ಲಿ ಎಂಟು ವರ್ಷದ ಜೇಮ್ಸ್ ಒಬ್ಬ. ಅಂದರೆ ಮಲಅಕ್ಕನ ಮನೆಗೆ ಆತ ಆಸ್ತಿಯಾಗಿ ಹೋದ. ಮೂರು ವರ್ಷದ ನಂತರ, ಮನುಷ್ಯರೆಲ್ಲ ಸಮಾನರು ಎಂದು ಸಾರುವ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಬರೆದದ್ದು ಅದೇ ಮನೆಯ ಯಜಮಾನ.

1784ರಲ್ಲಿ ಜೆಫರ್ಸನ್‌ಗೆ ಫ್ರಾನ್ಸ್‌ನಲ್ಲಿ ರಾಯಭಾರದ ಕೆಲಸ ಸಿಕ್ಕಿತು. ಅಡುಗೆ ಕಲಿಸುವ ಉದ್ದೇಶದಿಂದಲೇ ಜೇಮ್ಸ್‌ನನ್ನೂ ಕರೆದೊಯ್ದ. ಆಗ ಆತನಿಗೆ 19, ನನಗಿಂತ ಒಂದು ವರ್ಷ ಚಿಕ್ಕವನು. ಭಾಷೆ ಬರದ ಊರಿನಲ್ಲಿ ಮೊದಲು ಒಬ್ಬ ಕೇಟರರ್ ಬಳಿ, ಆಮೇಲೆ ಪೇಸ್ಟ್ರಿ ಮಾಡುವವರ ಬಳಿ, ಮುಂದೆ ರಾಜವಂಶದ ಕಾಂಡೆ ರಾಜಕುಮಾರನ ಬಾಣಸಿಗನ ಬಳಿ ಕಲಿತ. ಮೂರು ವರ್ಷದಲ್ಲಿ, 1787ಕ್ಕೆ, ಪ್ಯಾರಿಸ್‌ನಲ್ಲಿದ್ದ ಜೆಫರ್ಸನ್‌ನ ನಿವಾಸದ ಮುಖ್ಯ ಬಾಣಸಿಗನಾದ. ತಿಂಗಳಿಗೆ 24 ಲಿವ್ರ್ ಸಂಬಳವೂ ಬರತೊಡಗಿತು. ಆ ಹಣದಲ್ಲಿ ಜೇಮ್ಸ್ ಮಾಡಿದ ಒಂದು ಕೆಲಸ ನನಗೆ ತುಂಬ ಇಷ್ಟವಾಯಿತು. ಮನೆಪಾಠದ ಮೇಷ್ಟರೊಬ್ಬರನ್ನು ಇಟ್ಟುಕೊಂಡು ಫ್ರೆಂಚ್ ವ್ಯಾಕರಣ ಕಲಿತ.

ಫ್ರಾನ್ಸ್‌ನಲ್ಲಿ ಗುಲಾಮರು ನ್ಯಾಯಾಲಯದ ಮೆಟ್ಟಿಲೇರಿ ಬಿಡುಗಡೆ ಕೇಳಬಹುದಿತ್ತು. ಕೈಯಲ್ಲಿ ವಿದ್ಯೆ ಇತ್ತು, ಬಾಯಲ್ಲಿ ಭಾಷೆ ಇತ್ತು. ಆದರೆ ತಾಯಿ, ಅಣ್ಣ, ತಮ್ಮ ಎಲ್ಲರೂ ಇದ್ದದ್ದು ಸಮುದ್ರದ ಆಚೆ, ಮಾಂಟಿಚೆಲೊ ಎಂಬ ಜೆಫರ್ಸನ್‌ನ ತೋಟದಲ್ಲಿ. 1789ರಲ್ಲಿ ಜೇಮ್ಸ್ ವಾಪಸಾದ.

ಮುಂದೆ ಜೆಫರ್ಸನ್ ದೇಶದ ವಿದೇಶಾಂಗ ಕಾರ್ಯದರ್ಶಿಯಾದಾಗ ನ್ಯೂಯಾರ್ಕ್‌ನಲ್ಲೂ ಫಿಲಡೆಲ್ಫಿಯಾದಲ್ಲೂ ಅವನ ಮನೆಯ ಅಡುಗೆ ಜೇಮ್ಸ್ ಕೈಯಲ್ಲೇ. 1790ರ ಜೂನ್‌ನಲ್ಲಿ ಹ್ಯಾಮಿಲ್ಟನ್, ಮ್ಯಾಡಿಸನ್ ಇಬ್ಬರೂ ಅದೇ ಮನೆಗೆ ಊಟಕ್ಕೆ ಬಂದು, ರಾಜ್ಯಗಳ ಸಾಲ ಮತ್ತು ರಾಜಧಾನಿಯ ಜಾಗ ಎರಡನ್ನೂ ಕುರಿತು ರಾಜಿಯಾದರು. ಇವತ್ತಿನ ವಾಷಿಂಗ್ಟನ್ ನಗರ ಇರುವ ಜಾಗ ಆ ಊಟದ ಮೇಜಿನ ಮೇಲೆ ತೀರ್ಮಾನವಾಯಿತು ಎನ್ನಬಹುದು.

ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಗುಲಾಮಗಿರಿಯನ್ನು ಹಂತ ಹಂತವಾಗಿ ತೆಗೆದುಹಾಕುವ ಕಾನೂನು 1780ರಲ್ಲೇ ಬಂದಿತ್ತು. ಬೀದಿಗಿಳಿದರೆ ಸ್ವತಂತ್ರ ಕರಿಯರು ಎದುರಾಗುತ್ತಿದ್ದರು. ಅಲ್ಲಿದ್ದಾಗಲೇ, 1793ರ ಸೆಪ್ಟೆಂಬರ್ 15ರಂದು, ಜೆಫರ್ಸನ್ ಒಂದು ಕರಾರುಪತ್ರಕ್ಕೆ ಸಹಿ ಹಾಕಿದ. ಜೇಮ್ಸ್‌ಗೆ ಅಡುಗೆ ಕಲಿಸಲು ತನಗೆ ಬಹಳ ಖರ್ಚಾಗಿದೆ, ಆದ್ದರಿಂದ ಮಾಂಟಿಚೆಲೊಗೆ ಬಂದು ಇನ್ನೊಬ್ಬನನ್ನು ಒಳ್ಳೆಯ ಅಡುಗೆಯವನಾಗಿ ತಯಾರು ಮಾಡಿದರೆ ಬಿಡುಗಡೆ ಮಾಡುತ್ತೇನೆ ಎನ್ನುವುದು ಅದರ ಸಾರಾಂಶ.

ಆ ಇನ್ನೊಬ್ಬ ಜೇಮ್ಸ್‌ನ ಸ್ವಂತ ತಮ್ಮ ಪೀಟರ್.

ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಮೊಬೈಲ್ ಕೆಳಗಿಟ್ಟೆ. ತಾನು ಹೊರಬರಬೇಕಾದರೆ ಆ ಜಾಗದಲ್ಲಿ ತಮ್ಮನನ್ನು ನಿಲ್ಲಿಸಬೇಕು. ಕಲಿಸದಿದ್ದರೆ ಇಬ್ಬರೂ ಒಳಗೆ. ಕಲಿಸಿದರೆ ಒಬ್ಬ ಹೊರಗೆ. ಜೇಮ್ಸ್ ಕಲಿಸಿದ, ಎರಡು ವರ್ಷಕ್ಕೂ ಹೆಚ್ಚು ಕಾಲ.

ಆ ಅಡುಗೆಮನೆಯ ಅವಶೇಷಗಳನ್ನು ಪುರಾತತ್ವ ತಜ್ಞರು 2017ರಲ್ಲಿ ಅಗೆದು ಹೊರತೆಗೆದಿದ್ದಾರೆ. ಅಲ್ಲಿ ಸ್ಟ್ಯೂ ಸ್ಟವ್ ಎನ್ನುವ ಇಟ್ಟಿಗೆಯ ಒಲೆಗಳ ಬುಡ ಸಿಕ್ಕಿದೆ. ಅಂದಿನ ಹೆಚ್ಚಿನ ಮನೆಗಳಲ್ಲಿ ಸೌದೆ ಬೆಂಕಿಯ ಮೇಲೆ ಹಂಡೆ ನೇತುಹಾಕಿ ಬೇಯಿಸುತ್ತಿದ್ದರು. ಉರಿ ಎಷ್ಟಿದ್ದರೆ ಅಷ್ಟು. ಸ್ಟ್ಯೂ ಸ್ಟವ್‌ನಲ್ಲಿ ಸೊಂಟದೆತ್ತರದ ಕಟ್ಟೆ, ಒಂದೊಂದು ಪಾತ್ರೆಗೂ ಬೇರೆ ಬೇರೆ ಗೂಡು, ಗೂಡಿನಲ್ಲಿ ಸೌದೆಯ ಬದಲು ಕೆಂಡ. ಕೆಂಡ ಹೆಚ್ಚು ಕಡಿಮೆ ಮಾಡಿ ಒಂದರಲ್ಲಿ ಹದವಾದ ಶಾಖ, ಇನ್ನೊಂದರಲ್ಲಿ ಬರೀ ಬಿಸಿ ಇಟ್ಟುಕೊಳ್ಳಬಹುದು. ಹಾಲು, ಮೊಟ್ಟೆ, ಚೀಸ್ ಹಾಕಿದ ಸಾಸ್ ಒಡೆಯದೆ ಬರಬೇಕಾದರೆ ಬೇಕಾದದ್ದು ಇದೇ. ಗ್ಯಾಸ್ ಒಲೆಯ ತಿರುಪು ಕೈಯಲ್ಲಿದ್ದೂ ನಾನು ಚೀಸ್ ಒಡೆಸಿದ್ದೆ. ಆತ ಥರ್ಮಾಮೀಟರ್ ಇಲ್ಲದೆ, ಕೆಂಡದ ಬಣ್ಣ ನೋಡಿ, ಅದನ್ನು ತಮ್ಮನಿಗೂ ಕಲಿಸಿದ. ನಾವು ನಾಲ್ಕು ಸೆಮಿಸ್ಟರ್ ಓದುವ ಶಾಖದ ನಿಯಂತ್ರಣ ಅವರ ಅಂಗೈಯಲ್ಲಿತ್ತು.

1796ರ ಫೆಬ್ರುವರಿ 5ರಂದು ಜೇಮ್ಸ್ ಸ್ವತಂತ್ರನಾದ. ಹೊರಡುವ ಮುಂಚೆ ಅಡುಗೆಮನೆಯ ಪಾತ್ರೆಗಳ ಪಟ್ಟಿಯೊಂದನ್ನು ಬರೆದುಕೊಟ್ಟ. ಮುಚ್ಚಳ ಸಮೇತ 19 ತಾಮ್ರದ ಸ್ಟ್ಯೂ ಪ್ಯಾನ್, ಹೀಗೆ ಒಂದೊಂದನ್ನೂ ಎಣಿಸಿ ಬರೆದ ಆ ಹಾಳೆ ಇಂದಿಗೂ ಇದೆ. ಬಹುಪಾಲು ಗುಲಾಮರಿಗೆ ಓದು ಬರಹವೇ ಇಲ್ಲದ ಕಾಲದಲ್ಲಿ ಅದು ಆತನದೇ ಕೈಬರಹ. ಜೆಫರ್ಸನ್ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದ. ಬದುಕಿದ್ದಾಗ ಕಾನೂನುಬದ್ಧವಾಗಿ ಬಿಡುಗಡೆ ಮಾಡಿದ್ದು ಇಬ್ಬರನ್ನು ಮಾತ್ರ, ಜೇಮ್ಸ್ ಮತ್ತು ಆತನ ಅಣ್ಣ ರಾಬರ್ಟ್.

ಐದು ವರ್ಷ ಊರೂರು ತಿರುಗಿ, 1801ರ ಹೊತ್ತಿಗೆ ಜೇಮ್ಸ್ ಬಾಲ್ಟಿಮೋರ್‌ನಲ್ಲಿ ಅಡುಗೆಯವನಾಗಿದ್ದ. ಆ ವರ್ಷ ಜೆಫರ್ಸನ್ ಅಧ್ಯಕ್ಷನಾಗಿ ಆಯ್ಕೆಯಾದ. ಅಧ್ಯಕ್ಷರ ಭವನಕ್ಕೆ ಬಾಣಸಿಗ ಬೇಕಾಗಿತ್ತು. ಬಾಲ್ಟಿಮೋರ್‌ನ ಪರಿಚಯಸ್ಥನೊಬ್ಬನಿಗೆ ಕಾಗದ ಬರೆದು, ಬರಲು ಜೇಮ್ಸ್‌ಗೆ ಹೇಳು ಎಂದ. ಜೇಮ್ಸ್ ಒಲ್ಲೆ ಅನ್ನಲಿಲ್ಲ. ಕೆಲಸದ ಷರತ್ತೇನು, ಸಂಬಳವೆಷ್ಟು ಅಂತ ಜೆಫರ್ಸನ್ ತನ್ನ ಕೈಯಾರೆ ನಾಲ್ಕು ಸಾಲು ಬರೆದು ತನಗೇ ಕಳಿಸಲಿ, ಬರುತ್ತೇನೆ ಅಂದ. ಸಾವಿರಾರು ಪತ್ರ ಬರೆದವನಿಂದ ಆ ನಾಲ್ಕು ಸಾಲು ಬರಲಿಲ್ಲ. ಕೆಲಸ ಫ್ರೆಂಚ್ ಬಾಣಸಿಗನೊಬ್ಬನಿಗೆ ಹೋಯಿತು.

ಅದೇ ವರ್ಷ ಬೇಸಿಗೆಯ ಕೊನೆಗೆ ಜೇಮ್ಸ್ ತಿಂಗಳಿಗೆ 20 ಡಾಲರ್ ಸಂಬಳದ ಮೇಲೆ ಒಂದೂವರೆ ತಿಂಗಳು ಮಾಂಟಿಚೆಲೊದಲ್ಲಿ ಅಡುಗೆ ಮಾಡಿ, ಮತ್ತೆ ಬಾಲ್ಟಿಮೋರ್‌ಗೆ ಹೊರಟುಹೋದ. ಕೆಲವು ವಾರಗಳಲ್ಲೇ ಆತ ತನ್ನ ಜೀವ ತಾನೇ ತೆಗೆದುಕೊಂಡ ಸುದ್ದಿ ಬಂತು. ಆಗ ವಯಸ್ಸು 36.

ಮರುವರ್ಷ ಫೆಬ್ರುವರಿಯಲ್ಲಿ ಅಧ್ಯಕ್ಷರ ಭವನದ ಔತಣದಲ್ಲಿ ಮ್ಯಾಕರೋನಿಯ ಕಡುಬನ್ನು ಬಡಿಸಿದರು. ಮನಾಸೆ ಕಟ್ಲರ್ ಎಂಬ ಸಂಸದ ಅದನ್ನು ಈರುಳ್ಳಿ ಅಂದುಕೊಂಡು ತಿಂದು, ಘಾಟು, ಹಿಡಿಸಲಿಲ್ಲ ಎಂದು ದಿನಚರಿಯಲ್ಲಿ ಬರೆದುಕೊಂಡ. ಹಟ ಮಾಡುವವರು ಮಕ್ಕಳು ಮಾತ್ರ ಅಲ್ಲ! 1824ರಲ್ಲಿ ಜೆಫರ್ಸನ್‌ನ ಸಂಬಂಧಿ ಮೇರಿ ರಾಂಡಾಲ್ಫ್ ಬರೆದ ಅಡುಗೆ ಪುಸ್ತಕದಲ್ಲಿ ಮ್ಯಾಕರೋನಿ, ಚೀಸ್, ಬೆಣ್ಣೆ ಪದರ ಪದರವಾಗಿ ಇಟ್ಟು ಬೇಯಿಸುವ ವಿಧಾನ ಅಚ್ಚಾಯಿತು. ಅಲ್ಲಿಂದ ಅದು ದೇಶದ ಮನೆಮನೆಗೆ ಹೋಯಿತು. ಪೀಟರ್? ಜೆಫರ್ಸನ್ ಸತ್ತ ಮೇಲೆ, 1827ರ ಹರಾಜಿನಲ್ಲಿ, ಬಂಧುವೊಬ್ಬ ಆತನನ್ನು ಒಂದು ಡಾಲರ್‌ಗೆ ಕೊಂಡು ಬಿಡಿಸಿಕೊಂಡ.

ಇದನ್ನೆಲ್ಲ ಏಳು ವರ್ಷದವಳಿಗೆ ಹೇಗೆ ಹೇಳಲಿ? ಪ್ಯಾರಿಸ್‌ಗೆ ಹೋಗಿ ಅಡುಗೆ ಕಲಿತ ಒಬ್ಬ ಅಣ್ಣ, ತಮ್ಮನಿಗೂ ಕಲಿಸಿದ ಅಂತ ಮಾತ್ರ ಹೇಳಿದೆ. ಉಳಿದದ್ದು ನನ್ನಲ್ಲೇ ಉಳಿಯಿತು, ಯಾಕೆಂದರೆ ಅದರಲ್ಲಿ ನನ್ನದೂ ಒಂದು ವಿಷಯವಿತ್ತು. ಹಿಂದಿನ ಸೆಮಿಸ್ಟರ್ ರಜೆಯಲ್ಲಿ ಸೀನಿಯರ್ ಒಬ್ಬರ ಮೂಲಕ ಒಂದು ಕಂಪನಿಯಿಂದ ಇಂಟರ್ನ್‌ಶಿಪ್‌ಗೆ ಬರಹೇಳಿದ್ದರು. ಪತ್ರ ಇಲ್ಲ, ಸ್ಟೈಪೆಂಡ್ ಮಾತಿಲ್ಲ. ಕೇಳಿದರೆ ಅಹಂಕಾರ ಅಂದುಕೊಂಡಾರು ಎಂದು ಬಾಯಿ ಮುಚ್ಚಿಕೊಂಡು ಎರಡು ತಿಂಗಳು ದುಡಿದೆ. ಕೊನೆಗೆ ಸರ್ಟಿಫಿಕೇಟ್ ಕೇಳಿದಾಗ, ನಾನು ಅಲ್ಲಿದ್ದೆ ಎನ್ನುವುದಕ್ಕೇ ದಾಖಲೆ ಇರಲಿಲ್ಲ.

ನನ್ನ ಎರಡು ತಿಂಗಳನ್ನು ಜೇಮ್ಸ್ ಬದುಕಿನ ಪಕ್ಕ ಇಡಲು ನಾಚಿಕೆಯಾಗುತ್ತದೆ. ನನಗೆ ಬೇಡ ಅಂದು ಎದ್ದುಬರುವ ದಾರಿ ಇತ್ತು, ಮನೆಯಲ್ಲಿ ಅಮ್ಮನ ಅಡುಗೆ ಇತ್ತು. ಆದರೂ ಆತ ಕೇಳಿದ ನಾಲ್ಕು ಸಾಲು ಮನಸ್ಸಿನಿಂದ ಹೋಗುತ್ತಿಲ್ಲ. ಹೇಳಿ ಕಳಿಸಿದರೆ ಬರಬೇಕಾದವನಾಗಿ 30 ವರ್ಷ ಬದುಕಿದ ಮನುಷ್ಯ, ಕೇಳಿ ಕರೆಯಲಿ ಎಂದು ಬಯಸಿದ. ಅದು ಅಹಂಕಾರ ಅಲ್ಲ, ಕೆಲಸ ಗೊತ್ತಿರುವವನ ಲೆಕ್ಕ. 19 ಪಾತ್ರೆ, 19 ಮುಚ್ಚಳ ಎಂದು ಬರೆದುಕೊಟ್ಟು ಹೋದವನು ತನಗೂ ಬರೆದುಕೊಡಿ ಅಂದಿದ್ದ, ಅಷ್ಟೆ.

ಮೊನ್ನೆ ಇನ್ನೊಂದು ಕಡೆಯಿಂದ ಅದೇ ರೀತಿ ಬಾಯಿಮಾತಿನ ಕರೆ ಬಂತು. ಕೆಲಸ ಏನು, ಎಷ್ಟು ದಿನ, ಎಷ್ಟು ಕೊಡುತ್ತೀರಿ ಎಂದು ವಿನಯದಿಂದಲೇ ಮೇಲ್ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಬರದೆಯೂ ಇರಬಹುದು.

ಅಕ್ಕ, ಮಕ್ಕಳು ವಾಪಸಾಗಿದ್ದಾರೆ. ಹೊರಡುವ ಹಿಂದಿನ ದಿನ ಅಮ್ಮ ದೊಡ್ಡವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ರೊಟ್ಟಿಗೆ ಏನು ಹಾಕಲಿ, ಏನು ಬಿಡಲಿ ಅಂತ ಕೇಳಿದಳು. ಅವಳು ಮೆಣಸಿನಕಾಯಿ ಬಿಡಿಸಿ, ಕಾಯಿತುರಿ ಹೆಚ್ಚು ಹಾಕಿಸಿದಳು. ಒಂದೂವರೆ ರೊಟ್ಟಿ ತಿಂದಳು. ಉಳಿದ ಅರ್ಧ ತಮ್ಮನಿಗೆ ಕೊಟ್ಟಳು.