ಜಮ್ಶೆಡ್‌ಜಿ ಟಾಟಾ: ಕೆಲಸಗಾರರ ನಾಳೆಯನ್ನೂ ಲೆಕ್ಕಕ್ಕೆ ಹಿಡಿದ ಮಾಲೀಕ

ನಮ್ಮ ಚಾಚಾ ಒಂದು ಸಾಮಿಲ್‌ನಲ್ಲಿ ಕೆಲಸ ಮಾಡುತ್ತಿದ್ದರು. ಮೂರು ವರ್ಷಗಳ ಹಿಂದೆ ಗರಗಸಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳು ಹೋದವು. ಮಾಲೀಕರು ಆಸ್ಪತ್ರೆಯ ಮೊದಲ ಬಿಲ್ ಕಟ್ಟಿದರು. ಆಮೇಲೆ ಫೋನ್ ಎತ್ತಲಿಲ್ಲ. ಇಂಥ ಅಪಘಾತಕ್ಕೆ ಕಾನೂನಿನಲ್ಲಿ ಪರಿಹಾರ ಇದೆ ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈ ವರ್ಷ ವ್ಯವಹಾರ ಅಧ್ಯಯನದ ಪಾಠದಲ್ಲಿ ಬೋನಸ್, ಪಿಂಚಣಿ, ಭವಿಷ್ಯ ನಿಧಿ ಎಂದು ಓದುವಾಗ, ನಮ್ಮ ದೇಶದಲ್ಲಿ ಇವನ್ನೆಲ್ಲ ಯಾರು ಮೊದಲು ಶುರು ಮಾಡಿರಬಹುದು ಎಂಬ ಪ್ರಶ್ನೆ ಬಂತು. ಹುಡುಕುತ್ತಾ ಹೋದಾಗ ಸಿಕ್ಕ ಹೆಸರು ಜಮ್ಶೆಡ್‌ಜಿ ಟಾಟಾ.

ಅವರು ಹುಟ್ಟಿದ್ದು 1839ರ ಮಾರ್ಚ್ 3ರಂದು, ಗುಜರಾತಿನ ನವಸಾರಿಯಲ್ಲಿ. ಪಾರ್ಸಿ ಪುರೋಹಿತರ ಮನೆತನ. ತಂದೆ ನಸರ್‌ವಾನ್‌ಜಿ ಮಾತ್ರ ವ್ಯಾಪಾರ ಹಿಡಿದು ಬೊಂಬಾಯಿಗೆ ಬಂದವರು. ಜಮ್ಶೆಡ್‌ಜಿ ಅಲ್ಲಿನ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದು ಮುಗಿಸಿ ತಂದೆಯ ಜೊತೆ ಸೇರಿಕೊಂಡರು. 1868ರಲ್ಲಿ 21 ಸಾವಿರ ರೂಪಾಯಿ ಬಂಡವಾಳ ಹಾಕಿ ಸ್ವಂತ ವ್ಯಾಪಾರ ಶುರು ಮಾಡಿದರು. ಮರುವರ್ಷ ದಿವಾಳಿಯಾಗಿದ್ದ ಒಂದು ಎಣ್ಣೆ ಗಿರಣಿಯನ್ನು ಕೊಂಡು ಹತ್ತಿ ಗಿರಣಿ ಮಾಡಿದರು. ಎರಡು ವರ್ಷಗಳಲ್ಲಿ ಅದನ್ನು ಲಾಭಕ್ಕೆ ಮಾರಿದರು.

ಆಗ ಹತ್ತಿ ಗಿರಣಿ ಎಂದರೆ ಎಲ್ಲರೂ ಬೊಂಬಾಯಿ ಎನ್ನುತ್ತಿದ್ದರು. ಜಮ್ಶೆಡ್‌ಜಿ ಆರಿಸಿಕೊಂಡದ್ದು ನಾಗಪುರವನ್ನು. ಹತ್ತಿ ಬೆಳೆಯುವ ಜಾಗ ಹತ್ತಿರ, ರೈಲು ಇದೆ, ಕಲ್ಲಿದ್ದಲೂ ದೂರವಿಲ್ಲ ಎಂಬುದು ಅವರ ಲೆಕ್ಕ. ಕೆರೆಯ ಪಕ್ಕದ ಜೌಗು ನೆಲವನ್ನು ಕೊಂಡು ಮಣ್ಣು ತುಂಬಿಸತೊಡಗಿದಾಗ, ಚಿನ್ನವನ್ನು ಮಣ್ಣಿಗೆ ಸುರಿಯುತ್ತಿದ್ದಾರೆ ಎಂದು ಊರಿನ ಸಾಹುಕಾರರೊಬ್ಬರು ಹಣ ಹಾಕಲು ಒಪ್ಪಲಿಲ್ಲವಂತೆ. 1877ರ ಜನವರಿ 1ರಂದು ಎಂಪ್ರೆಸ್ ಮಿಲ್ ಶುರುವಾಯಿತು. ಅದರ ಆಡಳಿತ ವಹಿಸಿಕೊಂಡ ಬೆಜೊನ್‌ಜಿ ಮೆಹ್ತಾ ಅವರು ರೈಲ್ವೆಯಲ್ಲಿದ್ದವರು, ಬಟ್ಟೆ ಗಿರಣಿಯ ಅನುಭವವೇ ಇರಲಿಲ್ಲ. ಆದರೂ ಜಮ್ಶೆಡ್‌ಜಿ ಅವರನ್ನು ನಂಬಿದರು. ಆ ನಂಬಿಕೆ ಹುಸಿಯಾಗಲಿಲ್ಲ.

ಆರಂಭ ಸುಲಭವಿರಲಿಲ್ಲ. ಮೊದಲು ತಂದ ಯಂತ್ರಗಳು ಚೆನ್ನಾಗಿರಲಿಲ್ಲ, ಅವನ್ನು ಬದಲಿಸಬೇಕಾಯಿತು. ಕೂಲಿ ದರದ ವಿಷಯಕ್ಕೆ ಅದೇ 1877ರಲ್ಲಿ ಕೆಲಸಗಾರರು ಮುಷ್ಕರ ಹೂಡಿದರು. ಭಾರತದ ಗಿರಣಿಗಳ ಮೊದಲ ಮುಷ್ಕರಗಳಲ್ಲಿ ಅದೂ ಒಂದು ಎನ್ನುತ್ತಾರೆ. ಇದನ್ನು ಮುಚ್ಚಿಟ್ಟು ಜಮ್ಶೆಡ್‌ಜಿಯವರನ್ನು ಹೊಗಳುವುದು ಸರಿಯಲ್ಲ. ಅವರೂ ಲಾಭಕ್ಕಾಗಿಯೇ ಗಿರಣಿ ಕಟ್ಟಿದವರು.

ಇನ್ನೊಂದು ತೊಂದರೆ ಗೈರುಹಾಜರಿ. ಹಳ್ಳಿಯಿಂದ ಬಂದ ಜನ ದಿನಾ ಕೆಲಸಕ್ಕೆ ಬರುತ್ತಿರಲಿಲ್ಲ. ದಂಡ ಹಾಕುವುದು, ಕೆಲಸದಿಂದ ತೆಗೆಯುವುದು ಆಗಿನ ಮಾಲೀಕರ ದಾರಿ. ಜಮ್ಶೆಡ್‌ಜಿ ಕೇಳಿಕೊಂಡ ಪ್ರಶ್ನೆ ಬೇರೆ: ಇವತ್ತಿನ ಕೂಲಿ ಬಿಟ್ಟರೆ ಈ ಗಿರಣಿಯಲ್ಲಿ ಅವರಿಗೆ ಏನಿದೆ? ಅವರ ಕೆಲಸಗಳಲ್ಲೇ ಇದಕ್ಕೆ ಉತ್ತರ ಸಿಗುತ್ತದೆ. ನಾಗಪುರದ ಸೆಕೆಗೆ ಗಿರಣಿಯೊಳಗೆ ಗಾಳಿಯನ್ನು ತಂಪಾಗಿಡುವ ಯಂತ್ರ ಹಾಕಿಸಿದರು. ಇದರಿಂದ ನೂಲೂ ಕಡಿಮೆ ತುಂಡಾಗುತ್ತಿತ್ತು, ಜನರಿಗೂ ಉಸಿರಾಡಲು ಆಗುತ್ತಿತ್ತು. ಬೆಂಕಿ ಬಿದ್ದರೆ ತಾನಾಗಿಯೇ ನೀರು ಚಿಮ್ಮುವ ಕೊಳವೆಗಳು ಬಂದವು. ಆಟೋಟದ ದಿನ, ಬಹುಮಾನಗಳು ಬಂದವು. 1886ರಲ್ಲಿ ಪಿಂಚಣಿ ನಿಧಿ, 1895ರಲ್ಲಿ ಅಪಘಾತಕ್ಕೆ ಪರಿಹಾರ. ಗಿರಣಿಗೂ ನಷ್ಟವಾಗಲಿಲ್ಲ, ಒಳ್ಳೆಯ ಲಾಭವೇ ಬಂತು.

ಈ ಇಸವಿಗಳನ್ನು ಸರ್ಕಾರದ ಕಾನೂನಿನ ಪಕ್ಕದಲ್ಲಿಟ್ಟು ನೋಡಿ. ಕೆಲಸಗಾರರ ಅಪಘಾತ ಪರಿಹಾರದ ಕಾಯ್ದೆ ಭಾರತದಲ್ಲಿ ಬಂದದ್ದು 1923ರಲ್ಲಿ, ಅಂದರೆ 28 ವರ್ಷ ತಡವಾಗಿ. ಭವಿಷ್ಯ ನಿಧಿ ಕಾಯ್ದೆ ಬಂದದ್ದು 1952ರಲ್ಲಿ.

ಕೊನೆಯ ವರ್ಷಗಳಲ್ಲಿ ಅವರು ಉಕ್ಕಿನ ಕಾರ್ಖಾನೆಯ ಕನಸು ಕಂಡರು. ಜಾಗವೇ ಗೊತ್ತಾಗಿರದ 1902ರಲ್ಲಿ ಮಗ ದೊರಾಬ್‌ಜಿಗೆ ಪತ್ರ ಬರೆದು, ಕೆಲಸಗಾರರ ಊರು ಹೇಗಿರಬೇಕೆಂದು ತಿಳಿಸಿದರು. ಅಗಲ ರಸ್ತೆ, ನೆರಳಿನ ಮರ, ಉದ್ಯಾನ, ಫುಟ್‌ಬಾಲ್ ಹಾಕಿ ಮೈದಾನ, ಜೊತೆಗೆ ದೇವಸ್ಥಾನ, ಮಸೀದಿ, ಚರ್ಚು ಮೂರಕ್ಕೂ ಜಾಗ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅವರದೇ ಯೋಜನೆ. ಅದಕ್ಕೆ ಮೈಸೂರು ಸಂಸ್ಥಾನ 371 ಎಕರೆ ಜಮೀನು ಕೊಟ್ಟಿತು. ಇವೆರಡನ್ನೂ ಅವರು ನೋಡಲಿಲ್ಲ. 1904ರ ಮೇ 19ರಂದು ಜರ್ಮನಿಯಲ್ಲಿ ತೀರಿಕೊಂಡರು. ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪನೆಯಾಯಿತು. 1912ರಲ್ಲಿ ಉಕ್ಕಿನ ಕಾರ್ಖಾನೆಯಲ್ಲಿ ದಿನಕ್ಕೆ 8 ಗಂಟೆ ಕೆಲಸದ ನಿಯಮ ಜಾರಿಗೆ ಬಂತು. ಕಾರ್ಖಾನೆಯ ಊರಿಗೆ 1919ರಲ್ಲಿ ಜಮ್ಶೆಡ್‌ಪುರ ಎಂದು ಹೆಸರಾಯಿತು.

ಎಂಪ್ರೆಸ್ ಮಿಲ್ ಇವತ್ತು ಇಲ್ಲ, ಮುಚ್ಚಿಹೋಗಿದೆ. ಆದರೆ ಅಲ್ಲಿ ಶುರುವಾದ ಪದ್ಧತಿ ಇಡೀ ದೇಶದ ಕಾನೂನಾಗಿದೆ. ಒಳ್ಳೆಯ ಮಾಲೀಕ ಒಮ್ಮೆ ಕರುಣೆಯಿಂದ ಹಣ ಕೊಟ್ಟರೆ ಅದು ಅಲ್ಲಿಗೇ ಮುಗಿಯುತ್ತದೆ. ಅದನ್ನೇ ನಿಯಮವಾಗಿ ಬರೆದಿಟ್ಟರೆ ಮಾಲೀಕ ಹೋದರೂ ಅದು ಉಳಿಯುತ್ತದೆ. ಜಮ್ಶೆಡ್‌ಜಿಯವರಿಂದ ನಾನು ಕಲಿತದ್ದು ಇದು.

ನಿಯಮ ಇದ್ದರೆ ಸಾಲದು, ಅದು ಗೊತ್ತಿರಬೇಕು ಎಂಬುದನ್ನು ಕಲಿಸಿದವರು ನಮ್ಮ ಚಾಚಾ. ಈಗ ಅವರು ಎಡಗೈಯಲ್ಲಿ ತಕ್ಕಡಿ ಹಿಡಿದು ತರಕಾರಿ ಮಾರುತ್ತಾರೆ. ಗೆಳೆಯರೇ, ನಾವು ಕಾಮರ್ಸ್ ಓದುವವರು. ಇವತ್ತು ಮನೆಗೆ ಹೋಗಿ ಅಬ್ಬಾ, ಅಣ್ಣ, ಅಕ್ಕ ಯಾರೇ ದುಡಿಯುತ್ತಿರಲಿ, ಅವರ ಸಂಬಳದ ಚೀಟಿ ಕೇಳಿ ನೋಡಿ. ಪಿ.ಎಫ್. ಕಟ್ಟುತ್ತಿದ್ದಾರೆಯೇ, ಅಪಘಾತವಾದರೆ ಯಾರು ಹೊಣೆ ಎಂದು ಓದಿ ಹೇಳಿ. ಮುಂದೆ ನಮ್ಮಲ್ಲಿ ಯಾರಾದರೂ ಮಾಲೀಕರಾದರೆ, ಕೆಲಸಗಾರರು ಕೇಳುವ ಮೊದಲೇ ಅದನ್ನು ಬರೆದು ಕೊಡೋಣ.