ಫಿರೋಜಶಹಾ ಬಹಮನಿ ಮತ್ತು ಭೀಮಾತೀರದ ಹೊಸ ನಗರ

ಶಹಾಬಾದದ ಪಶ್ಚಿಮಕ್ಕೆ, ಕಲಬುರಗಿಯಿಂದ ದಕ್ಷಿಣಕ್ಕೆ ಸುಮಾರು 28 ಕಿ.ಮೀ. ದೂರದಲ್ಲಿ, ಭೀಮಾನದಿಯ ಎಡದಂಡೆಯ ಮೇಲೆ ಫಿರೋಜಾಬಾದ ಎಂಬ ಗ್ರಾಮವಿದೆ. ಅಲ್ಲಿ ಹೊಲಗಳ ನಡುವೆ ಕಾಣಸಿಗುವ ಕೋಟೆಗೋಡೆ, ಕಮಾನು ಹಾಗೂ ಗುಮ್ಮಟಗಳು ಒಬ್ಬ ಅರಸನು ತನ್ನ ಹೆಸರಿನಲ್ಲಿ ಯೋಜಿಸಿ ಕಟ್ಟಿಸಿದ ನಗರದ ಅವಶೇಷಗಳು. ಆ ಅರಸ ಬಹಮನಿ ಮನೆತನದ ಎಂಟನೆಯ ಸುಲ್ತಾನ ತಾಜುದ್ದೀನ್ ಫಿರೋಜಶಹಾ (ಆಳ್ವಿಕೆ 1397–1422). ಕನ್ನಡದ ಇತಿಹಾಸ ಗ್ರಂಥಗಳಲ್ಲಿ ಈತನು ವಿಜಯನಗರದೊಡನೆ ಹೋರಾಡಿದವನಾಗಿ, ಮುದ್ಗಲ್ಲಿನ ಅಕ್ಕಸಾಲಿಗನ ಮಗಳ ಕಥೆಯ ಪಾತ್ರವಾಗಿ ಪರಿಚಿತನಾಗಿದ್ದಾನೆ. ಊರು ಕಟ್ಟಿದವನಾಗಿ ಆತನನ್ನು ನೋಡಿದ್ದು ಕಡಿಮೆ. ಆ ದೃಷ್ಟಿಯಿಂದ ಆತನ ಬದುಕನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಫಿರೋಜನು ರಾಜ್ಯಸ್ಥಾಪಕ ಅಲಾಉದ್ದೀನ್ ಹಸನನ ಮೊಮ್ಮಗ. ಎರಡನೆಯ ಮುಹಮ್ಮದನ ಆಸ್ಥಾನದಲ್ಲಿ, ಶಿರಾಜಿನಿಂದ ಬಂದ ವಿದ್ವಾಂಸ ಮೀರ್ ಫಜಲುಲ್ಲಾ ಇಂಜುವಿನ ಬಳಿ ಈತನೂ ತಮ್ಮ ಅಹ್ಮದನೂ ವಿದ್ಯಾಭ್ಯಾಸ ಮಾಡಿದರು. 1397ರಲ್ಲಿ ಮುಹಮ್ಮದನು ತೀರಿಕೊಂಡ ಮೇಲೆ ಅರಮನೆಯಲ್ಲಿ ಗೊಂದಲವುಂಟಾಯಿತು. ಹೊಸ ಸುಲ್ತಾನನ ಕಣ್ಣು ಕೀಳಿಸಲಾಯಿತು. ಸೋದರರು ಸಗರಕ್ಕೆ ಓಡಿಹೋಗಿ, ಅಲ್ಲಿನ ಅಧಿಕಾರಿಯ ನೆರವು ಪಡೆದು ಮರಳಿ ಬಂದರು. ಅದೇ ವರ್ಷ ಫಿರೋಜನು ಕಲಬುರಗಿಯ ಸಿಂಹಾಸನವನ್ನೇರಿದನು.

ಹೊಸ ನಗರದ ನಿರ್ಮಾಣ ಆರಂಭವಾದದ್ದು ಸುಮಾರು 1400ರಲ್ಲಿ. ಕಲಬುರಗಿ ಆಗಲೇ ಅರ್ಧ ಶತಮಾನದಿಂದ ರಾಜಧಾನಿಯಾಗಿದ್ದಿತು. ಕೋಟೆ, ಜಾಮಿ ಮಸೀದಿ, ಕೋಟೆಯ ಉತ್ತರದ ಶಹಾಬಜಾರು ಎಲ್ಲವೂ ಸಿದ್ಧವಾಗಿದ್ದವು. ಹೀಗಿದ್ದೂ ಇನ್ನೊಂದು ನಗರವೇಕೆ ಬೇಕಾಯಿತು? ಕಲಬುರಗಿಯಲ್ಲಿ ದೊಡ್ಡ ನದಿಯಿಲ್ಲ; ಫಿರೋಜಾಬಾದ ಭೀಮೆಯ ಮಗ್ಗುಲಲ್ಲಿಯೇ ಇದೆ. ಕೃಷ್ಣಾ–ತುಂಗಭದ್ರೆಯರ ನಡುವಣ ದೋಆಬಿಗೆ ದಂಡೆತ್ತಿ ಹೋಗುವ ಸೈನ್ಯಕ್ಕೆ ಬೀಡುಬಿಡಲು ಇದು ಅನುಕೂಲವಾದ ಸ್ಥಳ. ಇವೆರಡು ಕಾರಣಗಳ ಜೊತೆಗೆ ತನ್ನದೇ ಆದ ಊರು ಬೇಕೆಂಬ ಆಸೆಯನ್ನೂ ಸೇರಿಸಿಕೊಳ್ಳಬೇಕಾಗುತ್ತದೆ.

ನಗರದ ಮೂರು ಕಡೆ ಭಾರಿ ಕಲ್ಲಿನ ಗೋಡೆಗಳಿವೆ, ಪಶ್ಚಿಮಕ್ಕೆ ನದಿಯಿದೆ. ಒಂದೊಂದು ಪಾರ್ಶ್ವದ ಉದ್ದ ಒಂದು ಕಿಲೋಮೀಟರಿಗೆ ಸಮೀಪವಾದುದು. ನಡುವೆ ದಖ್ಖನಿನ ಅತಿ ದೊಡ್ಡ ಮಸೀದಿಗಳ ಸಾಲಿಗೆ ಸೇರುವ ಜಾಮಿ ಮಸೀದಿಯಿದ್ದು, ಗುಮ್ಮಟವುಳ್ಳ ಅದರ ಪ್ರವೇಶದ್ವಾರ ಉಳಿದುಕೊಂಡಿದೆ. ಮಸೀದಿಯ ಹಿಂಬದಿಗೆ ನದಿಯ ಕಡೆ ಅರಮನೆಯ ಆವರಣಗಳಿದ್ದವು. ಇಲ್ಲಿನ ಹಮಾಮುಗಳು, ಅಂದರೆ ಬಿಸಿನೀರಿನ ಸ್ನಾನಗೃಹಗಳು, ದಖ್ಖನಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಹಮಾಮುಗಳಲ್ಲಿ ಸೇರುತ್ತವೆ. ಜಾರ್ಜ್ ಮಿಚೆಲ್ ಮತ್ತು ರಿಚರ್ಡ್ ಈಟನ್ 1992ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಿವೇಶನವನ್ನು ವಿವರವಾಗಿ ದಾಖಲಿಸಿದೆ.

ಫಿರಿಸ್ತನ ಬರಹದಲ್ಲಿ ಈ ನಗರದ ಇನ್ನೊಂದು ಚಿತ್ರ ದೊರೆಯುತ್ತದೆ. ಬೀದಿಗಳೂ ಅಂಗಡಿಸಾಲುಗಳೂ ಅಗಲವಾಗಿ ಕ್ರಮಬದ್ಧವಾಗಿದ್ದವೆಂದೂ, ನದಿಯಿಂದ ತೋಡಿದ ಕಾಲುವೆಯ ನೀರು ಅರಮನೆಯ ಅಂಗಳಗಳಿಗೆ ಹರಿಯುತ್ತಿತ್ತೆಂದೂ, ಹಲವು ದೇಶಗಳ ರಾಣಿಯರಿಗೆ ಒಂದೊಂದು ಅಂಗಳ ಮೀಸಲಾಗಿತ್ತೆಂದೂ ಆತ ಹೇಳುತ್ತಾನೆ. ಫಿರಿಸ್ತ ಬಿಜಾಪುರದಲ್ಲಿ ಕುಳಿತು ಬರೆದದ್ದು ಎರಡು ಶತಮಾನಗಳ ಬಳಿಕ ಎಂಬುದನ್ನು ಮರೆಯಲಾಗದು. ರಾಣಿವಾಸದ ವರ್ಣನೆಯಲ್ಲಿ ಆತನ ಲೇಖನಿ ಸ್ವಲ್ಪ ಹೆಚ್ಚೇ ಹರಿದಿದೆ. ಬೀದಿ, ಕಾಲುವೆಗಳ ಮಾತನ್ನು ಮಾತ್ರ ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಇದೇ ಕಾಲಕ್ಕೆ ಕಲಬುರಗಿಯಲ್ಲಿ ಯಾವ ನಕ್ಷೆಯೂ ಇಲ್ಲದೆ ಇನ್ನೊಂದು ವಸತಿ ರೂಪುಗೊಳ್ಳುತ್ತಿತ್ತು. ತೈಮೂರನ ದಾಳಿಯ ಭಯದಿಂದ 1398ರಲ್ಲಿ ದಿಲ್ಲಿಯನ್ನು ತೊರೆದ ವೃದ್ಧ ಸೂಫಿ ಸಂತ ಖ್ವಾಜಾ ಬಂದೇನವಾಜ ಗೇಸುದರಾಜರು ಕಲಬುರಗಿಗೆ ಬಂದು ನೆಲೆಸಿದರು. ಮೊದಲು ಸುಲ್ತಾನನೇ ಅವರನ್ನು ಗೌರವದಿಂದ ಸ್ವಾಗತಿಸಿದ್ದನು. ತರ್ಕ, ಗಣಿತ, ಖಗೋಳಗಳಲ್ಲಿ ಆಸಕ್ತನಾಗಿದ್ದ ಅರಸನಿಗೂ ಸಂತರಿಗೂ ಕ್ರಮೇಣ ಹೊಂದಿಕೆ ತಪ್ಪಿತು. ತನ್ನ ಮಗ ಹಸನ್‌ಖಾನನನ್ನು ಉತ್ತರಾಧಿಕಾರಿಯೆಂದು ಹರಸಬೇಕೆಂಬ ಕೋರಿಕೆಗೆ ಅವರು ಒಪ್ಪಲಿಲ್ಲವಾಗಿ ವಿರಸ ಬೆಳೆಯಿತು. ಖಾನಖಾಹಿನಲ್ಲಿ ಸೇರುವ ಜನಸಂದಣಿಯಿಂದ ಕೋಟೆಗೆ ತೊಂದರೆಯೆಂಬ ನೆವದಿಂದ ಅವರನ್ನು ಅಲ್ಲಿಂದ ದೂರ ಹೋಗುವಂತೆ ಸೂಚಿಸಲಾಯಿತು. ಅವರು ಕೋಟೆಯ ಪೂರ್ವಕ್ಕೆ, ಇಂದು ದರ್ಗಾ ಇರುವ ಜಾಗಕ್ಕೆ ಹೋದರು. ಜನ ಅವರ ಹಿಂದೆಯೇ ಹೋದರು. ಸಮಾಧಿ ಎಂಬರ್ಥದ ಪದದಿಂದ ಬಂದ ರೋಜಾ ಎಂಬ ಹೆಸರು ಆ ಭಾಗಕ್ಕೆ ಇಂದಿಗೂ ನಿಂತಿದೆ. ಊರಾಚೆಗೆ ಕಳುಹಿಸಿದ ಸ್ಥಳವೇ ಊರಿನ ಭಾಗವಾಯಿತು. ಅರಸನಿಗೆ ಅದು ಬೇಕಿರಲಿಲ್ಲವೆಂಬುದು ಬೇರೆ ಮಾತು.

ಫಿರೋಜನ ಇತರ ಯೋಜನೆಗಳಲ್ಲೂ ಇದೇ ಸ್ವಭಾವ ಕಾಣುತ್ತದೆ. 1407ರಲ್ಲಿ ದೌಲತಾಬಾದಿನ ಬಳಿ ಖಗೋಳ ವೀಕ್ಷಣಾಲಯದ ಕೆಲಸವನ್ನು ಆರಂಭಿಸಿದನು. ಅದರ ಹೊಣೆ ಹೊತ್ತಿದ್ದ ಹಕೀಮ್ ಹಸನ್ ಗೀಲಾನಿ ತೀರಿಕೊಂಡದ್ದರಿಂದ ಅದು ಅರ್ಧಕ್ಕೇ ನಿಂತಿತು. ಒಬ್ಬ ವ್ಯಕ್ತಿಯನ್ನು ನೆಚ್ಚಿದ ಕಾರ್ಯ ಆ ವ್ಯಕ್ತಿಯೊಡನೆಯೇ ಮುಗಿಯಿತು.

1406ರ ಯುದ್ಧದ ಕೊನೆಗೆ ದೇವರಾಯನ ಮಗಳನ್ನು ಮದುವೆಯಾಗಿ ಬಂಕಾಪುರವನ್ನು ಪಡೆದ ಸುಲ್ತಾನನು, 1417ರಿಂದ ನಡೆಸಿದ ಪಾನಗಲ್ಲಿನ ದೀರ್ಘ ಮುತ್ತಿಗೆಯಲ್ಲಿ ಸೋತು ಹಿಂದಿರುಗಿದನು. ಕಾಯಿಲೆಯಿಂದ ಕುಗ್ಗಿ, ರಾಜ್ಯಭಾರವನ್ನು ಇಬ್ಬರು ಗುಲಾಮರ ಕೈಗೆ ಬಿಟ್ಟನು. 1422ರಲ್ಲಿ ತಮ್ಮ ಅಹ್ಮದನು ದಂಗೆಯೆದ್ದು ಗೆದ್ದನು. ಪಟ್ಟ ಬಿಟ್ಟುಕೊಟ್ಟ ಕೆಲವೇ ದಿನಗಳಲ್ಲಿ ಫಿರೋಜನು ಮರಣಹೊಂದಿದನು. ಅದೇ ವರ್ಷದ ಕೊನೆಯ ಭಾಗದಲ್ಲಿ ಗೇಸುದರಾಜರೂ ತೀರಿಕೊಂಡರು.

ಅಹ್ಮದಶಹನು ಸಂತರ ಮನೆತನಕ್ಕೆ ಭೂಮಿಕಾಣಿಗಳನ್ನು ನೀಡಿದನು. ರಾಜಧಾನಿಯನ್ನು ಬೀದರಿಗೆ ಸಾಗಿಸಿದನು. ಅಣ್ಣನ ಹೆಸರಿನ ನಗರವನ್ನು ನೋಡಿಕೊಳ್ಳುವವರಿಲ್ಲದಾಯಿತು. ಇದೇ ಸೀಮೆಯ ಕಾಗಿಣಾತೀರದ ಮಳಖೇಡವೂ ರಾಷ್ಟ್ರಕೂಟರ ಪತನದ ನಂತರ ಹಳ್ಳಿಯಾಯಿತಾದರೂ, ಅದಕ್ಕೆ ಒಂದೂವರೆ ಶತಮಾನದ ರಾಜಧಾನಿಯ ಬಾಳಿತ್ತು, ಕವಿರಾಜಮಾರ್ಗದ ನೆನಪು ಉಳಿಯಿತು. ಫಿರೋಜಾಬಾದಕ್ಕೆ ಸಿಕ್ಕಿದ್ದು ಕೇವಲ ಎರಡು ದಶಕ. ರಾಜಧಾನಿಯ ಸ್ಥಾನ ಹೋದ ಮೇಲೂ ಕಲಬುರಗಿಗೆ ದರ್ಗಾದ ಉರುಸು, ಯಾತ್ರಿಕರು, ಸಂತರ ಮನೆತನದ ಇನಾಮುಗಳು ಇದ್ದವು. ಅರಮನೆಯನ್ನು ಬಿಟ್ಟರೆ ಅಂಥ ಆಧಾರ ಫಿರೋಜಾಬಾದಕ್ಕೆ ಇರಲಿಲ್ಲ. ಹಾಳಾದದ್ದಕ್ಕೆ ವಾಸ್ತುದೋಷವನ್ನಾಗಲಿ ನದಿಯನ್ನಾಗಲಿ ಹೊಣೆಮಾಡುವುದಕ್ಕಿಂತ ಈ ಕೊರತೆಯತ್ತ ನೋಡುವುದು ಸರಿಯೆನಿಸುತ್ತದೆ.

ಫಿರೋಜನ ಸಮಾಧಿ ತಾನು ಕಟ್ಟಿದ ನಗರದಲ್ಲಿಲ್ಲ. ಅದು ಕಲಬುರಗಿಯ ಹಫ್ತ್ ಗುಂಬಜಿನಲ್ಲಿದೆ. ಜೋಡಿ ಗುಮ್ಮಟಗಳ ಆ ಕಟ್ಟಡ ಅಲ್ಲಿನ ಸಮಾಧಿಗಳಲ್ಲೆಲ್ಲ ದೊಡ್ಡದು. ಕೋಟೆಯ ಪೂರ್ವಕ್ಕೆ, ಬಂದೇನವಾಜರ ದರ್ಗಾಕ್ಕೆ ಹೋಗುವ ದಿಕ್ಕಿನಲ್ಲಿ ಅದು ಕಾಣುತ್ತದೆ.